ಒಂದು ಸ್ವರ ಮೇಲೆ

ವೆಂಡೆಲ್ ಹ್ಯಾಸ್ಕಿನ್ ನನ್ನನ್ನು ಕುಡುಕ ಎಂದ. ಎದುರಿಗೆ ನಿಂತು ಅಂದಿದ್ದರೆ ಅಲ್ಲೇ ಎರಡು ಬಿಗಿದು ಮರೆತುಬಿಡುತ್ತಿದ್ದೆ. ಅವನು ಅಂದದ್ದು ಪತ್ರಿಕೆಯಲ್ಲಿ. ಊರಿನ ವಾದ್ಯಗಾರರೆಲ್ಲ ಓದುವ ಪತ್ರಿಕೆ, 1956ರ ಮಾರ್ಚ್ ಸಂಚಿಕೆ, ಹದಿನೇಳನೆಯ ಪುಟ. "ಆ ಭಾಗದ ನಕಲು ಬರೆದವನು ಅವತ್ತು ಸ್ವಲ್ಪ ಏರಿಸಿಕೊಂಡಿದ್ದ ಅಂತ ಕಾಣುತ್ತೆ" ಅಂತ ನಗುನಗುತ್ತಾ ಹೇಳಿದನಂತೆ. ಹೆಸರು ಹಾಕಿರಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ. ಲಾಸ್ ಏಂಜಲೀಸಿನಲ್ಲಿ ಡ್ವೈಟ್ ಕಾರ್ಮೋಡಿಯ ವಾದ್ಯವೃಂದಕ್ಕೆ ನಕಲು ಬರೆಯುತ್ತಿದ್ದವನು ಒಬ್ಬನೇ ಎಂದು ಎಲ್ಲರಿಗೂ ಗೊತ್ತು. ಅವನೇ ನಾನು, ಎಲ್ಮರ್ ಪ್ರುವಿಟ್.

ನಾನು ಕುಡಿಯುವುದಿಲ್ಲ ಎಂದು ಹೇಳುತ್ತಿಲ್ಲ. ಆದರೆ ಮಸಿಕುಡಿಕೆಯ ಮುಚ್ಚಳ ತೆಗೆದ ಮೇಲೆ ಕಾಫಿಯನ್ನು ಕೂಡ ಮುಟ್ಟಿದವನಲ್ಲ. ಹತ್ತು ವರ್ಷವಾಯಿತು, ಆ ಪುಟ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ವೆಂಡೆಲ್ ಸತ್ತೇ ಎರಡು ವರ್ಷವಾಗಿದೆ. ಸತ್ತವನ ಮೇಲೆ ಸಿಟ್ಟು ಇಟ್ಟುಕೊಂಡು ಏನು ಮಾಡುವುದು, ನನಗೂ ತಿಳಿಯುತ್ತಿಲ್ಲ. ಓದಿದವರು ಅವನ ಬಗ್ಗೆ ದೊಡ್ಡ ದೊಡ್ಡ ಲೇಖನ ಬರೆದರು. ನಾನು ಎಂಟನೇ ತರಗತಿಗೆ ಶಾಲೆ ಬಿಟ್ಟವನು. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಅವರು ಬರೆದದ್ದರಲ್ಲಿ ನಾನು ಕಂಡ ವೆಂಡೆಲ್ ಎಲ್ಲೂ ಸಿಗಲಿಲ್ಲ.

ಅವನು ನೆಬ್ರಾಸ್ಕಾದವನು. ಅಪ್ಪ ಜೋಳದ ಉಗ್ರಾಣದಲ್ಲಿ ತೂಕದವನು, ಅಮ್ಮ ಚರ್ಚಿನಲ್ಲಿ ಆರ್ಗನ್ ನುಡಿಸುವವಳು. ಅಮ್ಮನಿಗೆ ಕೈನೋವು ಬಂದಾಗ ಹನ್ನೊಂದು ವರ್ಷದ ಇವನು ಆರ್ಗನ್ನಿಗೆ ಕೂತನಂತೆ. ಭಜನೆಯ ಕೊನೆಯಲ್ಲಿ ಹಾಕಬೇಕಾದ ಸ್ವರಗಳ ಜೊತೆಗೆ ತನ್ನದೊಂದು ಸ್ವರ ಸೇರಿಸಿದ. ಪಾದ್ರಿಯ ಹೆಂಡತಿ ತಿರುಗಿ ನೋಡಿದಳು. "ಅವತ್ತೇ ನನ್ನ ಕಸುಬು ಶುರುವಾಯ್ತು ಕಣೋ" ಎನ್ನುತ್ತಿದ್ದ. ಯುದ್ಧದಲ್ಲಿ ಸೇನೆಯ ಬ್ಯಾಂಡಿಗೆ ಬರೆದ. ಯುದ್ಧ ಮುಗಿದ ಮೇಲೆ ಸರ್ಕಾರ ಸೈನಿಕರಿಗೆ ಕೊಡುತ್ತಿದ್ದ ಓದಿನ ಸವಲತ್ತು ಹಿಡಿದು ಇಲ್ಲಿಗೆ ಬಂದು, ವಿಯೆನ್ನಾದಿಂದ ಓಡಿಬಂದ ಒಬ್ಬ ಮುದುಕ ಮೇಷ್ಟರ ಹತ್ತಿರ ಕಲಿತ. ತಪ್ಪು ಸ್ವರ ಅಂತ ಯಾವುದೂ ಇಲ್ಲ, ಕಾರಣ ಇನ್ನೂ ಬಂದು ಸೇರದ ಸ್ವರ ಅಷ್ಟೇ, ಎಂದು ಆ ಮುದುಕ ಹೇಳಿಕೊಟ್ಟನಂತೆ. ಆ ಒಂದು ಮಾತಿನಿಂದ ವೆಂಡೆಲ್ ಹಾಳಾದ ಎಂದು ನನ್ನ ಅನಿಸಿಕೆ. ಅಥವಾ ಆ ಮಾತಿನಿಂದಲೇ ಅವನು ಅವನಾದನೋ ಏನೋ.

ನಾನೂ ಒಂದು ಕಾಲಕ್ಕೆ ಟ್ರಾಂಬೋನ್ ಊದುತ್ತಿದ್ದೆ. ಫ್ರೆಸ್ನೋದಲ್ಲಿ ಒಬ್ಬ ಬಸ್ ಚಾಲಕ ನನ್ನ ವಾದ್ಯದ ಪೆಟ್ಟಿಗೆಯನ್ನು ಕಾಲಲ್ಲಿ ತಳ್ಳಿದ. ನಾನು ಅವನನ್ನು ತಳ್ಳಿದೆ. ಅವನ ಮೂವರು ತಮ್ಮಂದಿರು ಅಲ್ಲೇ ಇದ್ದರೆಂದು ನನಗೆ ಹೇಗೆ ಗೊತ್ತಾಗಬೇಕು? ಮುಂದಿನ ಎರಡು ಹಲ್ಲು ಹೋದವು, ಟ್ರಾಂಬೋನೂ ಹೋಯಿತು. ನಮ್ಮಪ್ಪ ಅಂಗಡಿ ಬೋರ್ಡು ಬರೆಯುವವನಾಗಿದ್ದರಿಂದ ದುಂಡಗೆ ಬರೆಯುವುದು ನನ್ನ ಕೈಗೂ ಬಂದಿತ್ತು. ನಕಲಿಗೆ ಕೂತೆ.

ನಕಲು ಎಂದರೆ ಇಷ್ಟು. ವೆಂಡೆಲನಂಥವನು ಹದಿನೇಳು ವಾದ್ಯಗಳಿಗೂ ಹಂಚಿ ಒಂದು ದೊಡ್ಡ ಹಾಳೆಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದು ತರುತ್ತಾನೆ. ನಾನು ಅದನ್ನು ಬಿಡಿಸಿ, ಒಬ್ಬೊಬ್ಬ ವಾದ್ಯಗಾರನಿಗೂ ಅವನವನ ಹಾಳೆಯನ್ನು ಮಸಿಯಲ್ಲಿ ಬರೆದುಕೊಡುತ್ತೇನೆ. ಇದರಲ್ಲಿ ಒಂದು ಮುಳ್ಳಿದೆ. ಟ್ರಂಪೆಟ್ ಹುಟ್ಟಿನಿಂದಲೇ ಒಂದು ಸ್ವರ ತಗ್ಗಿ ಮಾತಾಡುವ ವಾದ್ಯ. ಪಿಯಾನೋದ 'ಸ' ಬೇಕಾದರೆ ಟ್ರಂಪೆಟ್ಟಿನವನ ಹಾಳೆಯಲ್ಲಿ 'ರಿ' ಬರೆದಿರಬೇಕು. ಕೆಲವರು ದೊಡ್ಡ ಹಾಳೆಯಲ್ಲೇ ಈ ಏರಿಕೆ ಮಾಡಿಕೊಟ್ಟಿರುತ್ತಾರೆ, ಕೆಲವರು ಪಿಯಾನೋ ಲೆಕ್ಕಕ್ಕೇ ಬರೆದು ಏರಿಸುವ ಕೆಲಸವನ್ನು ನಕಲುಗಾರನಿಗೆ ಬಿಡುತ್ತಾರೆ. ವೆಂಡೆಲ್ ಎರಡನೆಯ ಜಾತಿ. ಮೂರು ವರ್ಷ ನಾನು ಅವನ ಟ್ರಂಪೆಟ್ಟುಗಳನ್ನು ಕಣ್ಣುಮುಚ್ಚಿ ಏರಿಸಿದ್ದೇನೆ.

ಕಾರ್ಮೋಡಿಯ ವೃಂದ ಜಾಝ್ ಸಂಗೀತದಲ್ಲಿ 'ಪ್ರಗತಿಪರ' ಎಂದು ಹೆಸರು ಹೊತ್ತದ್ದು. ಕುಣಿಯಲು ಬಂದ ಜೋಡಿಗಳು ಕಾಲು ಎಲ್ಲಿಡಬೇಕೆಂದು ತಿಳಿಯದೆ ನಿಂತುಬಿಡುತ್ತಿದ್ದರು. ಕಾರ್ಮೋಡಿಗೆ ಅದೇ ಖುಷಿ. ನಾವೆಲ್ಲ ಅವನನ್ನು ಯಜಮಾನ್ರು ಎನ್ನುತ್ತಿದ್ದೆವು, ವಯಸ್ಸು ನಲವತ್ತೂ ಆಗಿರಲಿಲ್ಲ. ವೆಂಡೆಲನ ಬರವಣಿಗೆ ಆ ವೃಂದದಲ್ಲಿ ಎಲ್ಲರಿಗಿಂತ ಮೆತ್ತಗಿತ್ತು. ಯಾರ ಉಸಿರು ಎಷ್ಟು ದೂರ ಬರುತ್ತದೆ, ಯಾರ ತುಟಿ ಯಾವ ಹಾಡಿನ ಹೊತ್ತಿಗೆ ಸೋಲುತ್ತದೆ ಎಲ್ಲಾ ಗೊತ್ತಿತ್ತು. ಮೂರನೇ ಟ್ರಾಂಬೋನಿನವನಿಗೆ ದವಡೆ ಹಲ್ಲು ನೋಯುತ್ತಿದ್ದ ವಾರ ಅವನಿಗೆ ಹದಿನಾರು ಅಂಕಣ, ಎಂದರೆ ತಾಳದ ಹದಿನಾರು ಸುತ್ತು, ಬಿಡುವು ಕೊಟ್ಟು, ಅದು ಬಿಡುವೆಂದು ಯಾರಿಗೂ ಗೊತ್ತಾಗದಂತೆ ಬರೆದಿದ್ದ. ಇಂಥದ್ದನ್ನು ಆ ಲೇಖನಗಳಲ್ಲಿ ಯಾರೂ ಬರೆಯಲಿಲ್ಲ. ಆಗಲೂ ಯಾರೂ ಗಮನಿಸಲಿಲ್ಲ. ಯಜಮಾನ್ರು ಗಡಿಯಾರ ನೋಡಿಕೊಂಡು "ಚೆನ್ನಾಗಿದೆ, ವೆಂಡೆಲ್. ತುಂಬಾ ಸಭ್ಯವಾಗಿದೆ" ಎನ್ನುವರು. ವೆಂಡೆಲನ ಮುಖ ಸಣ್ಣಗಾಗುವುದು.

1951ರ ಅಕ್ಟೋಬರಿನಲ್ಲಿ ಅವನು 'ಒಣ ಕೆರೆ' ಬರೆದ. ಸೋಮವಾರ ಒಂಬತ್ತು ಹಾಳೆ ತಂದುಕೊಟ್ಟ. ಉಳಿದ ಏಳು ಹಾಳೆ ಮಂಗಳವಾರ ಬೆಳಿಗ್ಗೆ ಬಂದವು. ಕಾರನ್ನು ರಸ್ತೆಯಲ್ಲೇ ನಿಲ್ಲಿಸಿ, ಎಂಜಿನ್ ಆರಿಸದೆ, ಅಡಿಗೆಮನೆಯ ಕಿಟಕಿಯಿಂದ ಕಟ್ಟು ಒಳಗೆ ತೂರಿಸಿದ.

"ಮಲಗಿದ್ದೆಯೇನೋ?" ಅಂದೆ.

"ಶನಿವಾರ ಮಲಗಿದ್ದೆ," ಅಂದ. ಹೊರಟುಹೋದ. ಟ್ರಂಪೆಟ್ಟಿನ ಬಗ್ಗೆ ಅವನು ಬೇರೇನಾದರೂ ಹೇಳಿದನೇ? ಇಲ್ಲ. ನಾನು ಆಣೆ ಮಾಡಿ ಹೇಳುತ್ತೇನೆ, ಇಲ್ಲ. ಹೇಳಬೇಕಾದದ್ದು ಏನಾದರೂ ಇತ್ತೇ ಎಂದು ಆಮೇಲೆ ಅವನಿಗೇ ನೆನಪಿರಲಿಲ್ಲ.

ಬುಧವಾರ ಬೆಳಿಗ್ಗೆ ಹತ್ತಕ್ಕೆ ವಾದ್ಯಗಾರರ ಸಂಘದ ಕಟ್ಟಡದಲ್ಲಿ ಅಭ್ಯಾಸ. ಮಸಿ ಇನ್ನೂ ಹಸಿ. ಮೊದಲ ಭಾಗ ಎಂದಿನ ವೆಂಡೆಲ್, ಸಭ್ಯವಾಗಿ ಸಾಗಿತು. ಎರಡನೆಯ ಕಟ್ಟಿನ ಜಾಗ ಬಂತು. ನಾಲ್ಕು ಟ್ರಂಪೆಟ್ಟುಗಳು ಒಟ್ಟಿಗೆ ಮೇಲೆದ್ದವು. ಅಯ್ಯೋ ದೇವರೇ! ಕೆಳಗೆ ಸ್ಯಾಕ್ಸೋಫೋನುಗಳು ಒಂದು ಊರಿನಲ್ಲಿದ್ದವು, ಮೇಲೆ ಟ್ರಂಪೆಟ್ಟುಗಳು ಇನ್ನೊಂದು ಊರಿನಲ್ಲಿದ್ದವು. ನಡುವೆ ಬಿಸಿಲಲ್ಲಿ ತಗಡು ಕಾದು ನಡುಗುವಂಥ ಒಂದು ಸದ್ದು. ಮೊದಲನೇ ಟ್ರಂಪೆಟ್ಟಿನ ಬಡ್ ಒಸ್ಟ್ರಾಂಡರನ ಕತ್ತಿನ ನರ ಹಗ್ಗದ ಹಾಗೆ ಉಬ್ಬಿತ್ತು.

ನಾನು ವೆಂಡೆಲನನ್ನು ನೋಡಿದೆ. ಅವನ ಬಲಗೈ ಮೇಲಕ್ಕೆದ್ದಿತ್ತು. ನಿಲ್ಲಿಸಿ ಎನ್ನುವವರ ಕೈ ಹೇಗಿರುತ್ತದೋ ಹಾಗೆ, ಭುಜದ ಮಟ್ಟಕ್ಕೆ, ಅಂಗೈ ಹೊರಗೆ. ಇದನ್ನು ನಾನು ಕಣ್ಣಾರೆ ಕಂಡೆ.

ಅಷ್ಟರಲ್ಲಿ ಯಜಮಾನ್ರು ಕಣ್ಣುಮುಚ್ಚಿಕೊಂಡೇ ಕೂಗಿದರು: "ನಿಲ್ಲಿಸಬೇಡಿ! ಯಾರೂ ನಿಲ್ಲಿಸಬೇಡಿ!"

ಮೂವತ್ತೆಂಟು ಅಂಕಣ ಮುಗಿಯಿತು. ಒಸ್ಟ್ರಾಂಡರ್ ತುಟಿ ಒರೆಸಿಕೊಂಡು, "ಏನಯ್ಯಾ ಹ್ಯಾಸ್ಕಿನ್, ಇದು ಟ್ರಂಪೆಟ್ಟಿಗೆ ಬರೆದಿದ್ದಾ, ಬೆಂಕಿ ಆರಿಸೋ ಗಾಡಿಗೆ ಬರೆದಿದ್ದಾ? ನಮ್ಮನೇಲಿ ಹೆಂಡ್ತಿ ಮಕ್ಕಳಿದಾರೆ ಕಣಯ್ಯ, ಒಂದಿನಕ್ಕೆ ಒಂದ್ಸಲ ಮುತ್ತಿಡಕ್ಕಾದ್ರೂ ತುಟಿ ಬೇಕು!" ಅಂದ. ಎಲ್ಲರೂ ನಕ್ಕರು.

ಯಜಮಾನ್ರು ನಗಲಿಲ್ಲ. ನೇರ ವೆಂಡೆಲನ ಹತ್ತಿರ ಬಂದು ಎರಡೂ ಭುಜ ಹಿಡಿದರು. "ಐದು ವರ್ಷದಿಂದ ಇದನ್ನೇ ಕಾಯ್ತಿದ್ದೆ ನಾನು. ನಿನ್ನೊಳಗೆ ಇದಿತ್ತೇನಯ್ಯಾ? ಎಲ್ಲಿ ಬಚ್ಚಿಟ್ಟಿದ್ದೆ?"

ಆಗ ವೆಂಡೆಲನ ಕೈ ನಿಧಾನವಾಗಿ ಕೆಳಗಿಳಿಯಿತು. ಇಳಿಯುವ ದಾರಿಯಲ್ಲಿ ಕಿವಿ ಕೆರೆದುಕೊಂಡಿತು. "ಗೊತ್ತಿಲ್ಲ ಯಜಮಾನ್ರೇ," ಅಂದ.

ಅದು ನಿಜವಾದ ಮಾತು. ಆದರೆ ಎಲ್ಲರೂ ಅದನ್ನು ವಿನಯ ಎಂದುಕೊಂಡರು.

ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತು. ಧ್ವನಿಮುದ್ರಿಕೆ ಬಂತು. ಎರಡು ಶ್ರುತಿಗಳು ಒಂದನ್ನೊಂದು ನೋಡದೆ ಒಟ್ಟಿಗೆ ನಡೆಯುವ ಧೈರ್ಯ ಎಂದು ಯಾರೋ ನಾಲ್ಕು ಪುಟ ಬರೆದ. ವಿಶ್ವವಿದ್ಯಾಲಯದಲ್ಲಿ ಕಪ್ಪುಹಲಗೆಯ ಮೇಲೆ ಬರೆದು ಪಾಠ ಮಾಡಿದರಂತೆ. ವೆಂಡೆಲ್ ಬರ್ಬ್ಯಾಂಕಿನಲ್ಲಿ ಮನೆ ಹಿಡಿದ, ಲೊರೇನಳನ್ನು ಮದುವೆಯಾದ. ಮದುವೆಗೆ ನಾನೂ ಹೋಗಿದ್ದೆ. ಅಲ್ಲಿ ಅವನು ನನ್ನ ತಟ್ಟೆಗೆ ಕೇಕ್ ಹಾಕುತ್ತಾ ನನ್ನ ಮುಖ ನೋಡಿದ, ಏನೋ ಕೇಳುವವನ ಹಾಗೆ. ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳುವುದಾದರೂ ಏನು? ನಾನು ಎಂದಿನ ಹಾಗೆ ಏರಿಸಿದ್ದೆ. ಅವನು ಆ ಏಳು ಹಾಳೆಯಲ್ಲಿ ಮಾತ್ರ, ನನ್ನ ಕೆಲಸ ಹಗುರವಾಗಲಿ ಎಂದು, ತಾನೇ ಮೊದಲೇ ಏರಿಸಿಟ್ಟಿದ್ದನೇ? ಹಾಗಾದರೆ ಎರಡು ಸಲ ಏರಿದೆ. ಇಲ್ಲವೇ ಆ ಮುದುಕ ಮೇಷ್ಟರ ಮಾತು ಆ ನಿದ್ದೆಗೆಟ್ಟ ಬೆಳಿಗ್ಗೆ ಅವನ ಕೈಯಿಂದ ಹೊರಗೆ ಬಂತೇ? ನನಗೆ ಗೊತ್ತಿಲ್ಲ. ಕೈ ಎತ್ತಿದ್ದು ಮಾತ್ರ ಗೊತ್ತು.

ಯಜಮಾನ್ರು ಬಿಡಲಿಲ್ಲ. "ಆ ತರದ್ದು ಇನ್ನೊಂದು" ಎಂದರು, ಪ್ರತಿ ವಾರ. ವೆಂಡೆಲ್ ಕೂತು ಬರೆದ. ಟ್ರಂಪೆಟ್ಟುಗಳನ್ನು ಬೇಕೆಂದೇ ಒಂದು ಸ್ವರ ಮೇಲಿಟ್ಟು ಬರೆದ, ಅರ್ಧ ಸ್ವರ ಇಟ್ಟು ಬರೆದ, ಕೆಳಗಿಟ್ಟು ಬರೆದ. ಎಲ್ಲಾ ನಾನೇ ನಕಲು ಮಾಡಿದೆ. ಯಾವುದೂ ಕೂಡಿಬರಲಿಲ್ಲ. ಬೇಕೆಂದು ಎಡವಿದವನ ಹಾಗೆ ಕಾಣುತ್ತಿತ್ತು. ಇನ್ನೊಂದು ಕಡೆ ಅವನ ಹಳೆಯ ಮೆತ್ತನೆಯ ಬರವಣಿಗೆಯೂ ಕೈಬಿಟ್ಟಿತು. ಯಾರ ಹಲ್ಲು ನೋಯುತ್ತಿದೆ ಎಂದು ನೋಡುವ ಪುರುಸೊತ್ತು ಅವನಿಗಿರಲಿಲ್ಲ.

ಒಂದು ದಿನ ಡೋನಟ್ ಅಂಗಡಿಯಲ್ಲಿ ನಿಂತಾಗ ಸುತ್ತಿಬಳಸಿ ಶುರುಮಾಡಿದ. "ಪ್ರೂ, ನೀನು 'ಒಣ ಕೆರೆ' ಬರೆಯೋವಾಗ... ಎಂದಿನ ಹಾಗೇ ಬರೆದ್ಯಾ?"

"ಎಂದಿನ ಹಾಗೆ ಅಂದ್ರೆ?"

"ಏನಿಲ್ಲ. ಸುಮ್ನೆ ಕೇಳ್ದೆ."

"ಸುಮ್ನೆ ಯಾರೂ ಕೇಳಲ್ಲ. ನಾನು ತಪ್ಪು ಬರೆದೆ ಅಂತಿದೀಯಾ? ಹದಿನಾಲ್ಕು ವರ್ಷದಲ್ಲಿ ಒಂದು ಚುಕ್ಕೆ ತಪ್ಪಿಲ್ಲ ನಾನು!"

"ಕೂಗ್ಬೇಡ್ವೋ ಮಾರಾಯ, ಸಕ್ಕರೆ ಎಲ್ಲಾ ಹಾರ್ತಿದೆ," ಅಂದ ಅವನು, ಅಂಗಿ ಕೊಡವಿಕೊಳ್ಳುತ್ತಾ. ಅಲ್ಲಿಗೆ ಮಾತು ಮುಗಿಯಿತು. ನಾನು ಸ್ವಲ್ಪ ತಾಳಿಕೊಂಡಿದ್ದರೆ ಅವತ್ತೇ ಎಲ್ಲಾ ಬಗೆಹರಿಯುತ್ತಿತ್ತೇನೋ. ತಾಳಿಕೊಳ್ಳುವುದು ನನ್ನ ಜಾಯಮಾನವಲ್ಲ.

1954ರಲ್ಲಿ ಯಜಮಾನ್ರು ವೃಂದ ಮುಚ್ಚಿದರು. ವೆಂಡೆಲ್ ಟೆಲಿವಿಷನ್ನಿನ ಸಾಬೂನಿಗೆ ಬರೆದ, ಬಟ್ಟೆ ಒಗೆಯುವ ಯಂತ್ರಕ್ಕೆ ಬರೆದ. ಬೆಕ್ಕು ಇಲಿಯ ಹಿಂದೆ ಓಡುವ ಚಿತ್ರಗಳಿಗೂ ಬರೆದ. ಆದರೂ ಎಲ್ಲಿ ಹೋದರೂ 'ಒಣ ಕೆರೆ'ಯವನು. ಆಗಲೇ ಆ ಪತ್ರಿಕೆಯವನು ಅವನನ್ನು ಹುಡುಕಿಕೊಂಡು ಹೋದದ್ದು, ಆಗಲೇ ನಾನು ಕುಡುಕನಾದದ್ದು.

ಪತ್ರಿಕೆ ಬಂದ ದಿನವೇ ಅದನ್ನು ಸುರುಳಿ ಸುತ್ತಿಕೊಂಡು ಬರ್ಬ್ಯಾಂಕಿಗೆ ಹೋದೆ. ಮಧ್ಯಾಹ್ನ. ಬಾಗಿಲು ತೆಗೆದ ಲೊರೇನ್ ನನ್ನ ಕೈಯಲ್ಲಿದ್ದ ಸುರುಳಿ ನೋಡಿ, "ನೊಣ ಹೊಡಿಯಕ್ಕೆ ಬಂದ್ಯಾ, ನನ್ನ ಗಂಡನ್ನ ಹೊಡಿಯಕ್ಕೆ ಬಂದ್ಯಾ?" ಅಂದಳು.

"ನಿನ್ನ ಗಂಡ ಎಲ್ಲಿ?"

"ಒಳಗಿದಾನೆ. ಹೊಡಿಯೋದಾದ್ರೆ ಬೇಗ ಹೊಡಿ, ಎರಡು ಗಂಟೆಗೆ ಅವನು ಸೂಪಿನ ಜಾಹೀರಾತು ಕೊಡ್ಬೇಕು."

ವೆಂಡೆಲ್ ಪಿಯಾನೋದ ಮುಂದೆ ಕೂತಿದ್ದ. ತೆಳ್ಳಗಾಗಿದ್ದ. ಪುಟ ಅವನ ಮುಂದೆ ಹಿಡಿದೆ.

"ಯಾರೋ ಕುಡುಕ?"

"ತಮಾಷೆಗೆ ಅಂದೆ ಪ್ರೂ. ಅವನು ಅಚ್ಚು ಹಾಕ್ತಾನೆ ಅಂದ್ಕೊಂಡಿರಲಿಲ್ಲ."

"ತಮಾಷೆಗೆ ನಿನ್ನನ್ನೇ ಅಂದ್ಕೋಬಹುದಿತ್ತಲ್ಲ? ಎರಡು ರಾತ್ರಿ ನಿದ್ದೆ ಇಲ್ದೆ ಏನು ಬರೆದೆ ಅಂತ ನಿಂಗೇ ಗೊತ್ತಿಲ್ಲ!"

"ಹೌದು," ಅಂದ ಅವನು. "ಅದೇ ನನ್ನ ಕಷ್ಟ."

ಎದ್ದುಹೋಗಿ ಕಪಾಟಿನಿಂದ ಆ ದೊಡ್ಡ ಹಾಳೆಗಳನ್ನು ತಂದ. ವೃಂದ ಮುಚ್ಚಿದಾಗ ಬೇಡಿ ತಂದಿದ್ದನಂತೆ. ಇಬ್ಬರೂ ಪಕ್ಕಪಕ್ಕ ಕೂತೆವು. ಅವನು ಎಡಗೈಯಲ್ಲಿ ಸ್ಯಾಕ್ಸೋಫೋನುಗಳನ್ನು ನುಡಿಸಿ, ಬಲಗೈಯಲ್ಲಿ ಟ್ರಂಪೆಟ್ಟುಗಳನ್ನು ಹಾಳೆಯಲ್ಲಿದ್ದ ಹಾಗೆ ನುಡಿಸಿದ. ಅದೇ ಧ್ವನಿಮುದ್ರಿಕೆಯ ಸದ್ದು. ಆಮೇಲೆ ಒಂದು ಸ್ವರ ಇಳಿಸಿ ನುಡಿಸಿದ. ಅದೂ ಸರಿಯಾಗಿತ್ತು! ವೆಂಡೆಲ್ ಒಂದರ ಮೇಲೊಂದು ಏಳೆಂಟು ಸ್ವರ ಪೇರಿಸಿ ಒಟ್ಟಿಗೆ ನುಡಿಸುವವನು, ಯಾವುದು ಮನೆಯದು ಯಾವುದು ನೆಂಟರದು ಎಂದು ಹೇಗೆ ಹೇಳುವುದು? ನಾಲ್ಕು ಸಲ, ಆರು ಸಲ. ಮೊದಲು ಅದು ಸರಿ ಎನಿಸುತ್ತಿತ್ತು, ಆಮೇಲೆ ಇದು. ಕೊನೆಗೆ ಯಾವುದನ್ನು ಈಗ ನುಡಿಸುತ್ತಿದ್ದಾನೆ ಎಂದೇ ನನಗೆ ತಪ್ಪಿಹೋಯಿತು.

"ಅತ್ತಿಗೆ ಹೇಳ್ಲಿ," ಅಂದೆ. "ಯಾವುದು ಸರಿ ತಾಯಿ?"

"ಎರಡೂ ನಂಗೆ ತಲೆನೋವೇ," ಎಂದಳು ಲೊರೇನ್ ಅಡಿಗೆಮನೆಯಿಂದ. "ನೀವಿಬ್ರೂ ಅದಕ್ಕಿಂತ ದೊಡ್ಡ ತಲೆನೋವು."

ವೆಂಡೆಲ್ ಕೈ ಮಡಚಿಕೊಂಡು ಕೂತ. "ನಾನು ಅದನ್ನ ಬರೆದಾಗ ಒಳಗೆ ಏನು ಕೇಳ್ತಿತ್ತು ಅಂತ ನೆನಪು ಮಾಡ್ಕೊಳ್ತೀನಿ ಪ್ರೂ. ಧ್ವನಿಮುದ್ರಿಕೆನೇ ಕೇಳುತ್ತೆ. ಅದರ ಹಿಂದೆ ಹೋಗಕ್ಕಾಗ್ತಿಲ್ಲ. ನಾನು ಬರೆದೆನಾ ಇಲ್ವಾ, ಅಷ್ಟು ಗೊತ್ತಾದ್ರೆ ಸಾಕು ನಂಗೆ. ನಾನಲ್ಲ ಅಂತಾದ್ರೆ ನನ್ನ ಪಾಡಿಗೆ ಮೊದಲಿನ ಹಾಗೆ ಬರ್ಕೊಂಡಿರ್ತೀನಿ."

"ಅವತ್ತು ಅಭ್ಯಾಸದಲ್ಲಿ ನೀನು ಕೈ ಎತ್ತಿದ್ದೆ. ನಿಲ್ಲಿಸಕ್ಕೆ. ನಾನು ನೋಡ್ದೆ."

ಅವನು ಹಾಳೆಗಳ ಅಂಚು ಸರಿಮಾಡಿದ. "ಡ್ರಮ್ಮಿನವನು ತಾಳ ಬಿಟ್ಟು ಮುಂದೆ ಓಡ್ತಿದ್ದ. ಅವನಿಗೆ ಎತ್ತಿದ್ದು ಅಂತ ನನ್ನ ನೆನಪು."

"ಡ್ರಮ್ಮಿನವನು ಓಡ್ತಿರಲಿಲ್ಲ!"

"ಓಡ್ತಿದ್ದ ಅನ್ಸುತ್ತೆ."

"ಅನ್ಸುತ್ತೆ, ಅನ್ಸುತ್ತೆ! ಕೈ ಎತ್ತಿದ್ದು ನಿಲ್ಲಿಸಕ್ಕೇ. ಅಂದ್ರೆ ಅದು ನಿಂದಲ್ಲ. ನನ್ನ ಕೈಯಿಂದ ಆದದ್ದು. ಹಾಗಿದ್ರೆ ಆ ಹಾಡು ನಂದು, ಕುಡುಕಂದು! ಅದನ್ನೂ ಪತ್ರಿಕೆಗೆ ಹೇಳು ಹೋಗು!"

ಹೇಳಿದ ಮೇಲೆ ಅವನ ಮುಖ ನೋಡಬಾರದಿತ್ತು. ಬಿಳಿಚಿಕೊಂಡು, ಬಾಯಿ ಸ್ವಲ್ಪ ತೆರೆದು, ಪಿಯಾನೋದ ಮುಚ್ಚಳವನ್ನು ಸದ್ದಾಗದ ಹಾಗೆ ಇಳಿಸಿದ. ನಾನು ಹೊರಟುಬಂದೆ. ಎಂಟು ವರ್ಷ ಮಾತಾಡಲಿಲ್ಲ. ಅವನು ಆಮೇಲೆ ಸಾಬೂನಿಗೂ ಬರೆಯುವುದನ್ನು ಬಿಟ್ಟು ವ್ಯಾನ್ ನೈಸ್‌ನ ಒಂದು ಪ್ರೌಢಶಾಲೆಯಲ್ಲಿ ಬ್ಯಾಂಡ್ ಮೇಷ್ಟ್ರಾದ ಎಂದು ಒಸ್ಟ್ರಾಂಡರ್ ಹೇಳಿದ.

1964ರ ಮೇ ತಿಂಗಳಲ್ಲಿ ಲೊರೇನ್ ಫೋನ್ ಮಾಡಿದಳು. ವೆಂಡೆಲ್ ಮಾಜಿ ಸೈನಿಕರ ಆಸ್ಪತ್ರೆಯಲ್ಲಿದ್ದ, ಶ್ವಾಸಕೋಶ. ಮಾರನೆಯ ದಿನ ಊಟದ ಹೊತ್ತಿಗೆ ಹೋದೆ. ತಟ್ಟೆಯಲ್ಲಿ ಬಟಾಣಿ ಹಾಗೇ ಇತ್ತು. ನನ್ನನ್ನು ಕಂಡು ನಕ್ಕ. ದಾರಿಯುದ್ದಕ್ಕೂ ನಾನು ಒಂದೇ ಯೋಚನೆ ಮಾಡಿಕೊಂಡು ಹೋಗಿದ್ದೆ: ಇವತ್ತು ಅವನು ಆ ಕುಡುಕನ ಮಾತಿಗೆ ತಪ್ಪಾಯಿತು ಎನ್ನುತ್ತಾನೆ, ನಾನು ಇರಲಿ ಬಿಡೋ ಎನ್ನುತ್ತೇನೆ.

ಅವನು ಅದನ್ನು ಎತ್ತಲೇ ಇಲ್ಲ. ದಿಂಬಿನ ಪಕ್ಕದಿಂದ ಏಳು ಹಾಳೆ ತೆಗೆದು ನನ್ನ ಕೈಗೆ ಕೊಟ್ಟ.

"ಪಿಯಾನೋದಲ್ಲಿ ತಿಳಿಯಲ್ಲ ಪ್ರೂ. ಅಲ್ಲೇ ನಾವು ತಪ್ಪಿದ್ದು. ನಾಲ್ಕು ಬಾಯಿ ಬೇಕು, ಉಸಿರು ಬೇಕು. ಬುಧವಾರ ಬೆಳಿಗ್ಗೆ ಸಂಘದಲ್ಲಿ ಒಸ್ಟ್ರಾಂಡರ್ ಹಳಬರನ್ನ ಸೇರಿಸಿ ಊದ್ತಾನಂತೆ. ಉಳಿದವರಿಗೆ ಹಳೇ ಹಾಳೆಗಳೇ ಇವೆ, ನೀನು ಟ್ರಂಪೆಟ್ಟಿಗೆ ನಾಲ್ಕು ಹಾಳೆ ಬರಿ. ಏರಿಸಬೇಡ. ಇದ್ದದ್ದು ಇದ್ದ ಹಾಗೇ. ಅವರು ಊದಲಿ, ಲೊರೇನ್ ಟೇಪ್ ಮಾಡ್ಕೊಂಡು ಬರ್ತಾಳೆ. ಒಂದು ಸಲ ಕೇಳಿದ್ರೆ ನಂಗೆ ಗೊತ್ತಾಗುತ್ತೆ."

"ಗೊತ್ತಾದ್ರೆ?"

"ಗೊತ್ತಾಗುತ್ತೆ, ಅಷ್ಟೆ."

"ಬರೀತೀನಿ," ಅಂದೆ.

"ನಿನ್ನ ಕೈಯಲ್ಲೇ ಆಗ್ಬೇಕು. ಬೇರೆಯವರ ಅಕ್ಷರ ನೋಡಿ ಒಸ್ಟ್ರಾಂಡರ್ ಬೈತಾನೆ."

ಒಂದೂವರೆ ಗಂಟೆಯ ಕೆಲಸ. ಮನೆಗೆ ಬಂದು ಹಾಳೆ ಹರಡಿದೆ, ಮಸಿ ತೆಗೆದೆ, ಮೊದಲನೇ ಟ್ರಂಪೆಟ್ ಎಂದು ತಲೆಬರಹ ಬರೆದೆ. ಕೈ ಅಲ್ಲೇ ನಿಂತಿತು. ಏರಿಸದೆ ಊದಿದಾಗ ಅದೇ ಸರಿಯೆಂದು ಕಿವಿಗೆ ಬಿದ್ದರೆ, ಹದಿಮೂರು ವರ್ಷ ಅವನನ್ನು ತಿಂದ ಹುಳ ನನ್ನ ಲೇಖನಿಯಿಂದ ಹೋದದ್ದೆಂದಾಗುತ್ತದೆ. ಸರಿಯಿಲ್ಲವೆಂದು ಬಿದ್ದರೆ, ಹಾಡು ಪೂರ್ತಿ ಅವನದೇ ಆಗುತ್ತದೆ, ನಾನು ಅಂದು ಅವನ ಮನೆಯಲ್ಲಿ ಕೂಗಿದ ಮಾತು ಬರೀ ವಿಷವಾಗುತ್ತದೆ. ಯಾವುದಕ್ಕೆ ಹೆದರಿದೆ ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ. ಇನ್ನೊಂದನ್ನೂ ಮುಚ್ಚಿಡುವುದಿಲ್ಲ: ತಪ್ಪಾಯಿತು ಅನ್ನಲಿಲ್ಲವಲ್ಲ, ಕಾಯಲಿ, ಎಂಬುದೂ ಮನಸ್ಸಿನಲ್ಲಿತ್ತು.

ಮೊದಲ ಬುಧವಾರ ಹೋಯಿತು. ಲೊರೇನ್ ಕೇಳಿದಳು, "ಅರ್ಧ ಆಗಿದೆ" ಅಂದೆ. ಎರಡನೆಯ ಬುಧವಾರ ಬೆಳಿಗ್ಗೆ ಒಸ್ಟ್ರಾಂಡರ್ ಸಂಘದಲ್ಲಿ ಇನ್ನು ಮೂವರು ಟ್ರಂಪೆಟ್ಟಿನವರನ್ನೂ ಸ್ಯಾಕ್ಸೋಫೋನಿನವರನ್ನೂ ಕೂರಿಸಿಕೊಂಡು ಕಾದನಂತೆ. ನಾನು ಹೋಗಲಿಲ್ಲ. ಗುರುವಾರ ಮಧ್ಯಾಹ್ನ ವೆಂಡೆಲ್ ತೀರಿಕೊಂಡ.

ಮಣ್ಣಿನ ದಿನ ಲೊರೇನ್ ನನ್ನನ್ನು ಏನೂ ಕೇಳಲಿಲ್ಲ. ಒಸ್ಟ್ರಾಂಡರ್ ಮಾತ್ರ ಹತ್ತಿರ ಬಂದು, "ಬರೆದಿದ್ಯೇನೋ?" ಅಂದ. ತಲೆಯಾಡಿಸಿದೆ. ಹೌದು ಎಂದೋ ಇಲ್ಲ ಎಂದೋ ಅವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಆ ಏಳು ಹಾಳೆ ನನ್ನ ಹತ್ತಿರವೇ ಇವೆ. ನಾಲ್ಕು ಟ್ರಂಪೆಟ್, ಮೂವತ್ತೆಂಟು ಅಂಕಣ, ಏರಿಸದೆ, ಇದ್ದದ್ದು ಇದ್ದ ಹಾಗೆ. ಬರೆದುಕೊಡುತ್ತೇನೆಂದು ನಾನು ಒಪ್ಪಿಕೊಂಡಿದ್ದೆ. ಬರೆದುಕೊಡಲಿಲ್ಲ.